ಒಪ್ಪಿಗೆ ಕೊಟ್ಟ ಮೇಲಿನ ನಾಲ್ಕು ವರ್ಷ: ಆಲನ್ ಲ್ಯಾಡ್ ಜೂನಿಯರ್ ಪ್ರಕರಣ

1973ರಲ್ಲಿ ಹಾಲಿವುಡ್‌ನ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋ ಒಬ್ಬ ಯುವ ನಿರ್ದೇಶಕನ ಕಥೆಗೆ ಹಣ ಕೊಡಲು ಒಪ್ಪಿತು. ಕಥೆ ಆಗ ಕೆಲವೇ ಪುಟಗಳ ಸಾರಾಂಶ. ಬಾಹ್ಯಾಕಾಶದಲ್ಲಿ ಯುದ್ಧ, ಬಾಯಿಗೆ ಬಾರದ ಹೆಸರುಗಳು, ಓದಿದವರಿಗೆ ತಲೆಬುಡ ತಿಳಿಯದ ಘಟನೆಗಳು. ಯುನೈಟೆಡ್ ಆರ್ಟಿಸ್ಟ್ಸ್ ಮತ್ತು ಯುನಿವರ್ಸಲ್ ಸಂಸ್ಥೆಗಳು ಅದನ್ನು ಆಗಲೇ ಬೇಡವೆಂದಿದ್ದವು. ನಿರ್ದೇಶಕ ಜಾರ್ಜ್ ಲ್ಯೂಕಾಸ್ ಅವರ ಮೊದಲ ಚಿತ್ರ 1971ರಲ್ಲಿ ಬಂದು ಸೋತಿತ್ತು. ಎರಡನೆಯದಾದ, ಹದಿಹರೆಯದ ಹುಡುಗರ ಕಥೆಯ ‘ಅಮೆರಿಕನ್ ಗ್ರಫೀಟಿ’ ಇನ್ನೂ ತೆರೆ ಕಂಡಿರಲಿಲ್ಲ. ಅದಕ್ಕೆ ಬಂಡವಾಳ ಹಾಕಿದ ಸಂಸ್ಥೆಗೇ ಅದರ ಮೇಲೆ ಭರವಸೆ ಇರಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಫಾಕ್ಸ್‌ನಲ್ಲಿ ಹೌದು ಎಂದವರು ಆಲನ್ ಲ್ಯಾಡ್ ಜೂನಿಯರ್. ಅವರು ಆ ಸ್ಟುಡಿಯೋ ಸೇರಿದ್ದೇ ಆ ವರ್ಷ.

ಆ ಚಿತ್ರ 1977ರ ಮೇ 25ರಂದು ‘ಸ್ಟಾರ್ ವಾರ್ಸ್’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಮುಂದೇನಾಯಿತು ಎಂಬುದು ಎಲ್ಲರಿಗೂ ಗೊತ್ತು. ಈ ಅಧ್ಯಯನಕ್ಕೆ ಬೇಕಾಗಿರುವುದು 1973ರಿಂದ 1977ರವರೆಗಿನ ಅವಧಿ. ಒಪ್ಪಿಗೆ ಕೊಟ್ಟದ್ದು ದೂರದೃಷ್ಟಿ ಎಂದು ಲ್ಯಾಡ್ ಅವರನ್ನು ಹೊಗಳುವವರು ಬಹಳ. ನನ್ನ ಅಭಿಪ್ರಾಯದಲ್ಲಿ ಅವರ ನಿಜವಾದ ಕೆಲಸ ಶುರುವಾದದ್ದೇ ಅಲ್ಲಿಂದ ಮುಂದೆ. ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಅವರು ಆಡಳಿತ ಮಂಡಳಿಯ ಮುಂದೆ ಮತ್ತೆ ಮತ್ತೆ ಕೊಡಬೇಕಾಯಿತು. ಪ್ರತಿ ಸಲವೂ ಮೊದಲಿಗಿಂತ ಹೆಚ್ಚು ಹಣಕ್ಕೆ, ಮೊದಲಿಗಿಂತ ಕಡಿಮೆ ಭರವಸೆಯಿಂದ.

ಸ್ಟುಡಿಯೋ ಅಧಿಕಾರಿ ಎಂದರೆ ಯಾರು

ನಮ್ಮ ಭಾಗದಲ್ಲಿ ನಿರ್ಮಾಪಕನೆಂದರೆ ಸ್ವಂತ ಜೇಬಿನಿಂದ ದುಡ್ಡು ಹಾಕುವವನು. ಕಂಪನಿ ನಾಟಕಗಳ ಕಾಲದಿಂದಲೂ ಹಾಗೆಯೇ. ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರು ಕಂಪನಿಯ ಮಾಲೀಕರೂ ಹೌದು, ಬಣ್ಣ ಹಚ್ಚಿ ರಂಗಕ್ಕೆ ಬರುವ ನಟರೂ ಹೌದು. ಕ್ಯಾಂಪು ಬಿದ್ದರೆ ನಷ್ಟ ನೇರವಾಗಿ ಮಾಲೀಕರ ಮನೆಗೇ ಬರುತ್ತಿತ್ತು. ಹಾಗಾಗಿ ಯಾವ ನಾಟಕ ಹಾಕಬೇಕು, ಯಾವುದನ್ನು ಕೈಬಿಡಬೇಕು ಎಂಬುದಕ್ಕೆ ಅವರು ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ.

ಸ್ಟುಡಿಯೋ ಅಧಿಕಾರಿಯ ಸ್ಥಿತಿಯೇ ಬೇರೆ. ದುಡ್ಡು ಷೇರುದಾರರದ್ದು, ಕಲ್ಪನೆ ನಿರ್ದೇಶಕನದ್ದು. ಇಬ್ಬರ ನಡುವೆ ನಿಂತವನ ಬಳಿ ಇರುವುದು ಸಹಿ ಹಾಕುವ ಅಧಿಕಾರ ಮತ್ತು ತನ್ನ ಕುರ್ಚಿ. ಚಿತ್ರ ಗೆದ್ದರೆ ಹೆಸರು ನಿರ್ದೇಶಕನಿಗೆ ಹೋಗುತ್ತದೆ, ಸೋತರೆ ಕುರ್ಚಿ ಇವನದು ಹೋಗುತ್ತದೆ. ಬೆಳಗಾವಿಯಲ್ಲಿ ನಾನು ನಡೆಸುವ ವ್ಯವಹಾರ ನಿರ್ವಹಣೆಯ ತರಗತಿಗೆ ಗೋಕಾಕ, ಅಥಣಿ, ಜಮಖಂಡಿ, ಮುಧೋಳ ಕಡೆಯ ಹುಡುಗ ಹುಡುಗಿಯರು ಬರುತ್ತಾರೆ. ಸಕ್ಕರೆ ಕಾರ್ಖಾನೆ, ಪತ್ತಿನ ಸಹಕಾರಿ ಸಂಘ, ಬೆಲ್ಲದ ದಲಾಲಿ ಅಂಗಡಿ ಇವೆಲ್ಲ ಅವರಿಗೆ ಮನೆಯ ಮಾತು. ಬೇರೆಯವರ ದುಡ್ಡನ್ನು ಬೇರೆಯವರ ಕಲ್ಪನೆಗೆ ಹಾಕುವ ಈ ಹುದ್ದೆಯನ್ನು ಅವರಿಗೆ ಪರಿಚಯಿಸಲೆಂದೇ ಈ ಪ್ರಕರಣವನ್ನು ಆರಿಸಿಕೊಂಡೆ.

ಹಿನ್ನೆಲೆ

ಲ್ಯಾಡ್ 1937ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದರು. ತಂದೆ ಆಲನ್ ಲ್ಯಾಡ್ ದೊಡ್ಡ ತಾರೆ. ಮಗನದು ಮಾತು ಕಡಿಮೆ, ದನಿ ಮೆಲ್ಲಗೆ. 1963ರಲ್ಲಿ ಕಲಾವಿದರ ಏಜೆಂಟ್ ಆಗಿ ಕೆಲಸ ಆರಂಭಿಸಿದರು. ಅರವತ್ತರ ದಶಕದ ಕೊನೆಗೆ ಲಂಡನ್ನಿಗೆ ಹೋಗಿ ನಾಲ್ಕಾರು ವರ್ಷ ಚಿತ್ರಗಳನ್ನು ನಿರ್ಮಿಸಿದರು. ಅವುಗಳಲ್ಲಿ ದೊಡ್ಡ ಯಶಸ್ಸು ಯಾವುದೂ ಇಲ್ಲ. ಆದರೆ ಏಜೆಂಟ್ ಆಗಿ ಕಲಾವಿದರ ಪಕ್ಕದಲ್ಲಿ ಕುಳಿತವರು, ನಿರ್ಮಾಪಕರಾಗಿ ಚಿತ್ರೀಕರಣದ ಖರ್ಚನ್ನು ದಿನದಿನವೂ ನೋಡಿದವರು ಸ್ಟುಡಿಯೋದ ಕೋಣೆಗೆ ಬಂದಾಗ ಲೆಕ್ಕದ ಹಾಳೆಯನ್ನು ಓದುವ ಬಗೆಯೇ ಬೇರೆಯಾಗಿರುತ್ತದೆ.

ಅವರ ರೀತಿ ಗೊತ್ತಾಗಲು 1974ರ ಒಂದು ಸಣ್ಣ ಸಂಗತಿ ಸಾಕು. ನಿರ್ದೇಶಕ ಮೆಲ್ ಬ್ರೂಕ್ಸ್ ತಮ್ಮ ‘ಯಂಗ್ ಫ್ರಾಂಕೆನ್‌ಸ್ಟೈನ್’ ಚಿತ್ರವನ್ನು ಕಪ್ಪು ಬಿಳುಪಿನಲ್ಲೇ ತೆಗೆಯಬೇಕೆಂದು ಹಟ ಹಿಡಿದಿದ್ದರು. ಕೊಲಂಬಿಯಾ ಸಂಸ್ಥೆ ಒಪ್ಪಲಿಲ್ಲ. ಬ್ರೂಕ್ಸ್ ಫಾಕ್ಸ್‌ಗೆ ಬಂದರು, ಲ್ಯಾಡ್ ಒಪ್ಪಿದರು, ಚಿತ್ರ ಚೆನ್ನಾಗಿ ಓಡಿತು. ಬಣ್ಣ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಲ್ಯಾಡ್ ತಮ್ಮದೇ ಉತ್ತರ ಹುಡುಕಲಿಲ್ಲ. ಆ ಪ್ರಶ್ನೆಯೊಂದಿಗೆ ವರ್ಷಗಟ್ಟಲೆ ಬದುಕಿದವರ ಉತ್ತರವನ್ನು ಒಪ್ಪಿಕೊಂಡರು.

ಲ್ಯೂಕಾಸ್ ವಿಷಯದಲ್ಲೂ ನಡೆದದ್ದು ಇದೇ. ‘ಅಮೆರಿಕನ್ ಗ್ರಫೀಟಿ’ಯ ಪ್ರಿಂಟನ್ನು ಬಿಡುಗಡೆಗೆ ಮುಂಚೆಯೇ ತರಿಸಿಕೊಂಡು ಲ್ಯಾಡ್ ನೋಡಿದ್ದರು. ಬಾಹ್ಯಾಕಾಶದ ಕಥೆ ತಮಗೆ ಪೂರ್ತಿ ಅರ್ಥವಾಗಿರಲಿಲ್ಲ, ಆದರೆ ಆ ಹುಡುಗರ ಚಿತ್ರ ತೆಗೆದವನು ಇದನ್ನೂ ತೆಗೆಯಬಲ್ಲ ಎನ್ನಿಸಿತು ಎಂಬ ಅರ್ಥದ ಮಾತನ್ನು ಅವರು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಇದು ಕಣ್ಣು ಮುಚ್ಚಿ ಇಟ್ಟ ನಂಬಿಕೆಯಲ್ಲ. ಕಾಗದದ ಮೇಲಿನ ಕಥೆಯನ್ನು ಅಳೆಯಲಾಗದಿದ್ದಾಗ, ಅಳೆಯಬಹುದಾದದ್ದನ್ನು, ಅಂದರೆ ಮುಗಿದ ಕೆಲಸವನ್ನು, ಅವರು ಅಳೆದರು. ಅದೇ ವರ್ಷದ ಆಗಸ್ಟಿನಲ್ಲಿ ‘ಗ್ರಫೀಟಿ’ ಬಿಡುಗಡೆಯಾಗಿ, ಹತ್ತು ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನ ಆ ಚಿತ್ರ ದಶಕದ ಅತಿ ಲಾಭದ ಚಿತ್ರಗಳಲ್ಲಿ ಒಂದಾಯಿತು.

ದುಡ್ಡು ಬಿಡುಗಡೆ ಮಾಡಬೇಕೇ?

ತರಗತಿಯಲ್ಲಿ ನಾನು ಈ ಪ್ರಕರಣವನ್ನು 1975ರ ಕೊನೆಗೆ ನಿಲ್ಲಿಸುತ್ತೇನೆ. ಆಗ ಮೇಜಿನ ಮೇಲಿದ್ದದ್ದು ಇಷ್ಟು: ಹಲವು ಸಲ ತಿದ್ದಿದರೂ ಜಟಿಲವಾಗಿಯೇ ಇದ್ದ ಚಿತ್ರಕಥೆ. ಯುದ್ಧನೌಕೆ, ಮರುಭೂಮಿ, ಯಂತ್ರಮಾನವರನ್ನು ತೋರಿಸುವ ರಾಲ್ಫ್ ಮ್ಯಾಕ್ವಾರಿ ಅವರ ವರ್ಣಚಿತ್ರಗಳು. ಫಾಕ್ಸ್ ತನ್ನ ವಿಶೇಷ ಪರಿಣಾಮಗಳ ವಿಭಾಗವನ್ನು ಮುಚ್ಚಿದ್ದರಿಂದ ಲ್ಯೂಕಾಸ್ ತಾವೇ ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಬಡಾವಣೆಯ ಗೋದಾಮೊಂದರಲ್ಲಿ ಹುಟ್ಟುಹಾಕಿದ ಹೊಸ ಘಟಕ, ‘ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್’. ಅದರಲ್ಲಿದ್ದವರು ಬಹುತೇಕ ಎಳೆಯರು. ಬೇಕಾದ ಕ್ಯಾಮೆರಾ ವ್ಯವಸ್ಥೆಯನ್ನೂ ಅವರೇ ಕಟ್ಟಿಕೊಳ್ಳುತ್ತಿದ್ದರು. ಕೇಳುತ್ತಿದ್ದ ಮೊತ್ತ ಸುಮಾರು 80 ಲಕ್ಷ ಡಾಲರ್. ಬಾಹ್ಯಾಕಾಶದ ಕಥೆಗಳಿಗೆ ಪ್ರೇಕ್ಷಕರಿಲ್ಲ ಎಂಬುದು ಆಗಿನ ಉದ್ಯಮದ ಸಾಮಾನ್ಯ ತಿಳಿವಳಿಕೆ.

ಬಹುಪಾಲು ವಿದ್ಯಾರ್ಥಿಗಳು ದುಡ್ಡು ಕೊಡಬಾರದು ಎನ್ನುತ್ತಾರೆ. ಅಥಣಿ ಕಡೆಯ ಒಬ್ಬ ವಿದ್ಯಾರ್ಥಿನಿಯ ವಾದ ನನಗೆ ಇಂದಿಗೂ ಗಟ್ಟಿಯೆನಿಸುತ್ತದೆ. ಅವಳ ತಂದೆ ಸಹಕಾರಿ ಸಕ್ಕರೆ ಕಾರ್ಖಾನೆಯೊಂದರ ನಿರ್ದೇಶಕರು. “ಸರ್, ಹೊಸ ಬಾಯ್ಲರ್ ಬೇಕೆಂದು ಮಂಡಳಿಯ ಮುಂದೆ ಹೋಗುವ ವ್ಯವಸ್ಥಾಪಕರು ಹಂಗಾಮು ಶುರುವಾಗುವ ಮೊದಲೇ ಅದು ಓಡುತ್ತದೆ ಎಂದು ತೋರಿಸಬೇಕು. ಇಲ್ಲಿ ಬಾಯ್ಲರನ್ನೂ ಇನ್ನೂ ಕಂಡುಹಿಡಿಯಬೇಕು, ಅದನ್ನು ನಡೆಸುವವರನ್ನೂ ತಯಾರು ಮಾಡಬೇಕು. ರೈತ ಸದಸ್ಯರ ದುಡ್ಡಾಗಿದ್ದರೆ ನನ್ನ ತಂದೆ ಸಹಿ ಹಾಕುತ್ತಿರಲಿಲ್ಲ,” ಎಂದಳು. ಕಾರ್ಖಾನೆಯ ಮಟ್ಟಿಗೆ ಅವಳ ಮಾತು ಸರಿ. ಕಾರ್ಖಾನೆಯಲ್ಲಿ ನಿನ್ನೆಯ ಸರಕನ್ನೇ ನಾಳೆಯೂ ಹೊರತರಬೇಕು. ಸ್ಟುಡಿಯೋದಲ್ಲಿ ನಿನ್ನೆಯ ಸರಕನ್ನು ನಾಳೆ ಕೊಳ್ಳುವವರಿಲ್ಲ. ಪ್ರತಿಯೊಂದು ಚಿತ್ರಕ್ಕೂ ಬಾಯ್ಲರನ್ನು ಹೊಸದಾಗಿ ಕಂಡುಹಿಡಿಯಬೇಕಾದ ಉದ್ಯಮ ಅದು. ಆದ್ದರಿಂದಲೇ ಯಂತ್ರಕ್ಕಿಂತ ಅದನ್ನು ಕಟ್ಟುವವನನ್ನು ನೋಡಿ ಸಹಿ ಹಾಕುವ ಪರಿಸ್ಥಿತಿ ಬರುತ್ತದೆ. ಫಾಕ್ಸ್ ಮಂಡಳಿ ಅರೆಮನಸ್ಸಿನಿಂದ ಒಪ್ಪಿತು, ಲ್ಯಾಡ್ ಒತ್ತಾಯಕ್ಕೆ.

ಚಿತ್ರೀಕರಣ

1976ರ ಮಾರ್ಚ್ 22ರಂದು ಟುನೀಸಿಯಾದ ಮರುಭೂಮಿಯಲ್ಲಿ ಕೆಲಸ ಶುರುವಾಯಿತು. ಅಪರೂಪಕ್ಕೆ ಬರುವ ಮಳೆ ಆಗಲೇ ಬಂತು. ರಿಮೋಟ್‌ನಿಂದ ನಡೆಯಬೇಕಿದ್ದ ಯಂತ್ರಮಾನವರು ನಿಂತಲ್ಲೇ ನಿಂತರು. ಅಲ್ಲಿಂದ ಲಂಡನ್ ಬಳಿಯ ಎಲ್‌ಸ್ಟ್ರೀ ಸ್ಟುಡಿಯೋಗೆ ಬಂದರೆ ಇನ್ನೊಂದು ತೊಡಕು. ಅಲ್ಲಿನ ಕಾರ್ಮಿಕ ನಿಯಮದಂತೆ ಸಂಜೆ ಐದೂವರೆಗೆ ಕೆಲಸ ಬಂದ್; ದೃಶ್ಯದ ನಡುವೆ ಇದ್ದರೆ ಮಾತ್ರ ಸ್ವಲ್ಪ ವಿನಾಯಿತಿ. ಷೆಡ್ಯೂಲ್ ಎರಡು ವಾರ ಹಿಂದೆ ಬಿತ್ತು. ಇತ್ತ ವ್ಯಾನ್ ನೈಸ್‌ನ ಘಟಕ ತನ್ನ ಬಜೆಟಿನ ಅರ್ಧವನ್ನು ನಾಲ್ಕೇ ನಾಲ್ಕು ಶಾಟ್‌ಗಳಿಗೆ ಖರ್ಚು ಮಾಡಿತ್ತು. ಅವು ನಾಲ್ಕೂ ಲ್ಯೂಕಾಸ್‌ಗೆ ಒಪ್ಪಿಗೆಯಾಗಲಿಲ್ಲ.

ಅರ್ಧ ಹಣ, ನಾಲ್ಕು ಶಾಟ್, ಬಳಸಲಾಗುವುದು ಸೊನ್ನೆ. ಈ ವರದಿ ಕೈಗೆ ಬಂದ ದಿನ ಸ್ಟುಡಿಯೋ ಅಧಿಕಾರಿಗೆ ಇರುವ ದಾರಿಗಳು ಯಾವುವು? ಚಿತ್ರ ನಿಲ್ಲಿಸಿ ಈವರೆಗಿನ ನಷ್ಟವನ್ನು ಬರೆದುಹಾಕಬಹುದು. ನಿರ್ದೇಶಕನನ್ನು ಬದಲಿಸಬಹುದು. ಅಥವಾ ಮುಂದುವರಿಸಬಹುದು.

ಲ್ಯಾಡ್ ಮುಂದುವರಿಸಿದರು. ಆದರೆ ಹೇಗೆ ಎಂಬುದು ಮುಖ್ಯ. ಎಲ್‌ಸ್ಟ್ರೀಯ ಚಿತ್ರೀಕರಣ ಒಂದು ವಾರದೊಳಗೆ ಮುಗಿಯದಿದ್ದರೆ ನಿಲ್ಲಿಸಬೇಕಾಗುತ್ತದೆ ಎಂದು ಅವರು ಲ್ಯೂಕಾಸ್‌ಗೆ ನೇರವಾಗಿ ತಿಳಿಸಿದರು. ಲ್ಯೂಕಾಸ್ ತಂಡವನ್ನು ಮೂರು ಭಾಗ ಮಾಡಿದರು. ಒಂದನ್ನು ತಾವು, ಇನ್ನೊಂದನ್ನು ನಿರ್ಮಾಪಕ ಗ್ಯಾರಿ ಕರ್ಟ್ಸ್, ಮತ್ತೊಂದನ್ನು ನಿರ್ಮಾಣ ಮೇಲ್ವಿಚಾರಕ ರಾಬರ್ಟ್ ವಾಟ್ಸ್ ನೋಡಿಕೊಂಡು ಗಡುವಿನೊಳಗೆ ಮುಗಿಸಿದರು. ಲ್ಯಾಡ್ ಅವರನ್ನು ಕಲಾವಿದರಿಗೆ ಸದಾ ಬಾಗುವ ಮೃದು ಮನುಷ್ಯನೆಂದು ಬಣ್ಣಿಸುವವರು ಈ ಒಂದು ವಾರವನ್ನು ಬಿಟ್ಟುಬಿಡುತ್ತಾರೆ. ಕಥೆ ಹೇಗಿರಬೇಕು, ಯಾರು ನಟಿಸಬೇಕು ಎಂಬುದರಲ್ಲಿ ಅವರು ಕೈಹಾಕಲಿಲ್ಲ. ದಿನಾಂಕದಲ್ಲಿ ಕೈಹಾಕಿದರು. ಮಂಡಳಿಯ ಮುಂದೆ ನಿರ್ದೇಶಕನ ಪರ ನಿಂತವರಿಗೆ ನಿರ್ದೇಶಕನ ಮುಂದೆ ಮಂಡಳಿಯ ಪರ ನಿಲ್ಲುವ ಧೈರ್ಯವೂ ಇತ್ತು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಇದೇ.

ಅದಾದ ಮೇಲೂ ಸಂಕಟ ಮುಗಿಯಲಿಲ್ಲ. ಮೊದಲ ಸಂಕಲನ ನಿರಾಶೆ ತಂದಿತು. ಸಂಕಲನಕಾರರನ್ನು ಬದಲಿಸಿ ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. 1976ರ ಕ್ರಿಸ್‌ಮಸ್‌ಗೆ ಬರಬೇಕಿದ್ದ ಚಿತ್ರ 1977ರ ಬೇಸಿಗೆಗೆ ಹೋಯಿತು. ಖರ್ಚು ಸುಮಾರು 1 ಕೋಟಿ 10 ಲಕ್ಷ ಡಾಲರ್ ಮುಟ್ಟಿತು.

ಒಪ್ಪಂದದ ಎರಡು ಕಲಮು

ತರಗತಿಯಲ್ಲಿ ಹೆಚ್ಚು ಜಗಳವಾಗುವುದು ಇಲ್ಲಿ. ‘ಗ್ರಫೀಟಿ’ ಗೆದ್ದ ಮೇಲೆ ಲ್ಯೂಕಾಸ್ ತಮ್ಮ ಸಂಭಾವನೆಯನ್ನು ಹಲವು ಪಟ್ಟು ಏರಿಸಬಹುದಿತ್ತು. ಏರಿಸಲಿಲ್ಲ. ಬರವಣಿಗೆ ಮತ್ತು ನಿರ್ದೇಶನಕ್ಕೆ ಮೊದಲು ಮಾತಾಗಿದ್ದ 1.5 ಲಕ್ಷ ಡಾಲರಿಗೇ ನಿಂತು, ಮುಂದಿನ ಭಾಗಗಳ ಹಕ್ಕು ಮತ್ತು ಆಟಿಕೆ, ಉಡುಪು ಮೊದಲಾದ ಸರಕುಗಳ ಹಕ್ಕನ್ನು ಕೇಳಿದರು. ಫಾಕ್ಸ್ ಕೊಟ್ಟಿತು. ಈ ಎರಡು ಕಲಮುಗಳು ಮುಂದೆ ತಂದ ಹಣ ಚಿತ್ರದ ಗಳಿಕೆಯನ್ನೇ ಸಣ್ಣದು ಮಾಡಿತು. 1980ರ ಎರಡನೆಯ ಭಾಗವನ್ನು ಲ್ಯೂಕಾಸ್ ತಮ್ಮ ಹಣ ಮತ್ತು ಬ್ಯಾಂಕ್ ಸಾಲದಿಂದಲೇ ತೆಗೆದರು. ಫಾಕ್ಸ್‌ಗೆ ಉಳಿದದ್ದು ಹಂಚಿಕೆಯ ಪಾಲು.

ಇದು ಫಾಕ್ಸ್ ಮಾಡಿದ ಮಹಾ ತಪ್ಪು ಎಂದು ಎಲ್ಲ ಕಡೆ ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಅದೇ ಫಾಕ್ಸ್ 1967ರಲ್ಲಿ ‘ಡಾಕ್ಟರ್ ಡೂಲಿಟಲ್’ ಚಿತ್ರದ ಸರಕುಗಳನ್ನು ಅಂಗಡಿಗಳಿಗೆ ತುಂಬಿಸಿ ಕೈಸುಟ್ಟುಕೊಂಡಿತ್ತು. ಚಿತ್ರದ ಆಟಿಕೆ ಎಂದರೆ ಪ್ರಚಾರದ ಖರ್ಚು ಎಂಬ ಕಾಲ ಅದು. ಆಟಿಕೆ ತಯಾರಕರಾದ ಕೆನ್ನರ್ ಸಂಸ್ಥೆಯವರೂ ಬೇಡಿಕೆಯನ್ನು ಊಹಿಸಿರಲಿಲ್ಲ. 1977ರ ಕ್ರಿಸ್‌ಮಸ್‌ಗೆ ಗೊಂಬೆಗಳು ಸಿದ್ಧವಾಗದೆ, ಗೊಂಬೆ ಆಮೇಲೆ ಕಳಿಸುತ್ತೇವೆ ಎಂಬ ಪ್ರಮಾಣಪತ್ರವನ್ನು ರಟ್ಟಿನ ಪಟ್ಟಿಯೊಂದಿಗೆ ಮಾರಿದರು. ಮಕ್ಕಳ ತಂದೆ ತಾಯಂದಿರು ಅದನ್ನೂ ಕೊಂಡರು! ಆ ಹೊತ್ತಿನಲ್ಲಿ ಗೊತ್ತಿದ್ದ ಲೆಕ್ಕದಲ್ಲಿ, ಕೈಯಿಂದ ಹೋಗುವ ನಗದನ್ನು ಉಳಿಸಿ, ಬೆಲೆಯೇ ಇಲ್ಲವೆಂದು ಎಲ್ಲರೂ ತಿಳಿದಿದ್ದ ಹಕ್ಕನ್ನು ಕೊಟ್ಟದ್ದು ತಪ್ಪಲ್ಲ. ನಿರ್ಧಾರವನ್ನು ಅದರ ಹೊತ್ತಿನ ತಿಳಿವಿನಿಂದ ತೂಗಬೇಕೇ ಹೊರತು ಹತ್ತು ವರ್ಷದ ನಂತರದ ಲಾಭದಿಂದ ತೂಗಬಾರದು.

ಚಿತ್ರಮಂದಿರದವರು

ಬಿಡುಗಡೆಗೆ ಮುನ್ನ ಚಿತ್ರಮಂದಿರದವರಿಂದ ಫಾಕ್ಸ್ ದೊಡ್ಡ ಮೊತ್ತದ ಮುಂಗಡ ಖಾತರಿ ನಿರೀಕ್ಷಿಸಿತ್ತು. ಬಂದದ್ದು ಅದರ ಸಣ್ಣ ಪಾಲು. ಅವರೆಲ್ಲ ಕಾಯುತ್ತಿದ್ದದ್ದು ಫಾಕ್ಸ್‌ನದೇ ಇನ್ನೊಂದು ಚಿತ್ರಕ್ಕೆ, ಜನಪ್ರಿಯ ಕಾದಂಬರಿಯನ್ನು ಆಧರಿಸಿದ ‘ದಿ ಅದರ್ ಸೈಡ್ ಆಫ್ ಮಿಡ್‌ನೈಟ್’ಗೆ. ಅದು ಬೇಕಾದರೆ ಇದನ್ನೂ ಹಾಕಿ ಎಂದು ಸ್ಟುಡಿಯೋ ಒತ್ತಡ ತಂದಿತು. ಇಂಥ ಜೋಡಿ ಮಾರಾಟವನ್ನು ಅಮೆರಿಕದ ಸುಪ್ರೀಂ ಕೋರ್ಟು 1948ರಲ್ಲೇ ನಿಷೇಧಿಸಿತ್ತು. ಫಾಕ್ಸ್ ಮುಂದೆ ಇದಕ್ಕೆ ದಂಡವನ್ನೂ ತೆತ್ತಿತು.

ಗೋಕಾಕ ಕಡೆಯ ಒಬ್ಬ ವಿದ್ಯಾರ್ಥಿಯ ಮನೆಯವರು ಹಿಂದೆ ಚಿತ್ರಮಂದಿರ ನಡೆಸಿದವರು. ಈ ಭಾಗ ಬಂದಾಗ ಉಳಿದವರಿಗೆಲ್ಲ ಅವನೇ ಮೇಷ್ಟ್ರು. ಹಬ್ಬದ ವಾರಕ್ಕೆ ದೊಡ್ಡ ನಟನ ಚಿತ್ರ ಬೇಕೆಂದು ಹುಬ್ಬಳ್ಳಿಯ ಹಂಚಿಕೆದಾರರ ಬಳಿ ಅವನ ಅಜ್ಜ ಹೋದರೆ, ಮುಂಗಡದ ಮಾತಿಗಿಂತ ಮೊದಲು ಯಾರಿಗೂ ಬೇಡದ ಇನ್ನೊಂದು ಚಿತ್ರದ ಹೆಸರು ಬರುತ್ತಿತ್ತಂತೆ. ಆ ಬೇಡದ ಚಿತ್ರವನ್ನು ಅಜ್ಜ ವಾರದ ಸಂತೆಯ ದಿನ ನೋಡಿ ಹಾಕುತ್ತಿದ್ದರು, ಸಂತೆಗೆ ಬಂದವರಾದರೂ ಕುಳಿತುಕೊಳ್ಳಲಿ ಎಂದು. “ನಮ್ಮ ಅಜ್ಜನಿಗೆ ಒಮ್ಮೆಯೂ ಬೇಡದ ಚಿತ್ರ ಸ್ಟಾರ್ ವಾರ್ಸ್ ಆಗಲಿಲ್ಲ ಸರ್,” ಎಂದ. ಸರಿಯಾದ ಮಾತು. ಒಂದು ಗೆಲುವು ಕಂಡು ಜೋಡಿ ಮಾರಾಟವನ್ನು ಸಮರ್ಥಿಸಲಾಗದು. ಆ ಪದ್ಧತಿಯ ಭಾರ ಹೊತ್ತದ್ದು ಸಣ್ಣ ಊರಿನ ಪ್ರದರ್ಶಕರೇ.

ಮೇ 1ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ರಾಯೋಗಿಕ ಪ್ರದರ್ಶನ. ಆರಂಭದ ಹಡಗಿನ ದೃಶ್ಯಕ್ಕೇ ಜನ ಕೂಗಿ ಚಪ್ಪಾಳೆ ತಟ್ಟಿದರು. ಲ್ಯಾಡ್ ಕಣ್ಣಲ್ಲಿ ನೀರು ಬಂತು. 25ರಂದು 32 ಚಿತ್ರಮಂದಿರಗಳಲ್ಲಿ ಬಿಡುಗಡೆ. ಮೂರು ವಾರದಲ್ಲಿ ಫಾಕ್ಸ್ ಷೇರಿನ ಬೆಲೆ ಇಮ್ಮಡಿಯಾಯಿತು.

ಗೆಲುವಿನ ನಂತರ

ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಐದರಲ್ಲಿ ಮೂರು ಫಾಕ್ಸ್‌ನವು: ‘ಸ್ಟಾರ್ ವಾರ್ಸ್’, ‘ಜೂಲಿಯಾ’, ‘ದಿ ಟರ್ನಿಂಗ್ ಪಾಯಿಂಟ್’. ಕೊನೆಯ ಎರಡೂ ಹೆಂಗಸರ ಸ್ನೇಹದ ಚಿತ್ರಗಳು; ಹೆಂಗಸರ ಕಥೆಗೆ ದುಡ್ಡು ಹಾಕಲು ಬೇರೆಯವರು ಹಿಂಜರಿಯುತ್ತಿದ್ದ ಕಾಲದಲ್ಲಿ ಲ್ಯಾಡ್ ಹಾಕಿದರು. ಅವರ ಹೆಸರನ್ನು ಒಂದೇ ಚಿತ್ರಕ್ಕೆ ಕಟ್ಟಿಹಾಕುವುದು ಅನ್ಯಾಯ.

1979ರಲ್ಲಿ ಮೇಲಿನವರೊಂದಿಗೆ ಭಿನ್ನಾಭಿಪ್ರಾಯವಾಗಿ ಫಾಕ್ಸ್ ಬಿಟ್ಟು ‘ಲ್ಯಾಡ್ ಕಂಪನಿ’ ತೆರೆದರು. ‘ಚಾರಿಯಟ್ಸ್ ಆಫ್ ಫೈರ್’ ಅಮೆರಿಕಕ್ಕೆ ಬಂದದ್ದು ಅವರ ಮೂಲಕ. ‘ಬ್ಲೇಡ್ ರನ್ನರ್’ ಮತ್ತು ‘ದಿ ರೈಟ್ ಸ್ಟಫ್’ ಆಗ ಸೋತವು, ಆಮೇಲೆ ದೊಡ್ಡ ಹೆಸರು ಪಡೆದವು.

ಇದೇ ಕಂಪನಿ 1984ರಲ್ಲಿ ಮಾಡಿದ ಒಂದು ಕೆಲಸವನ್ನು ನಾನು ತರಗತಿಯಲ್ಲಿ ಬಿಡುವುದಿಲ್ಲ. ಸರ್ಜಿಯೋ ಲಿಯೋನ್ ಅವರ ‘ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ’ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ 229 ನಿಮಿಷಗಳ ಚಿತ್ರವಾಗಿ ಬಂದಿತ್ತು. ಅಮೆರಿಕದ ಬಿಡುಗಡೆಗೆ ಅದನ್ನು 139 ನಿಮಿಷಕ್ಕೆ ಕತ್ತರಿಸಿ, ಹಿಂದೆ ಮುಂದೆ ಹೆಣೆದಿದ್ದ ಕಾಲವನ್ನು ನೇರ ಸಾಲಿಗೆ ತಂದರು. ನಿರ್ದೇಶಕರ ಒಪ್ಪಿಗೆ ಇರಲಿಲ್ಲ. ಚಿತ್ರ ಸೋತಿತು. ದಿನಾಂಕದಲ್ಲಿ ಕೈಹಾಕಿ ಕಥೆಯನ್ನು ಮುಟ್ಟದಿದ್ದ 1976ರ ಲ್ಯಾಡ್ ಒಂದು ಕಡೆ, ಇದು ಇನ್ನೊಂದು ಕಡೆ. ಸಾಲುಸಾಲು ಸೋಲುಗಳು ಕಂಪನಿಯ ಕುತ್ತಿಗೆಗೆ ಬಂದಿದ್ದವು ಎಂಬುದು ಕಾರಣವಾಗಬಹುದು, ಸಮರ್ಥನೆಯಾಗದು.

ಮುಂದೆ ಎಂಜಿಎಂ ಸ್ಟುಡಿಯೋದಲ್ಲಿ ಎರಡು ಸಲ ಉನ್ನತ ಹುದ್ದೆ; ‘ಥೆಲ್ಮಾ ಅಂಡ್ ಲೂಯಿಸ್’ ಆ ಕಾಲದ್ದು. 1993ರಲ್ಲಿ ಅಲ್ಲಿಂದ ಹೊರಬೀಳುವಾಗ ಅವರು ತಮ್ಮೊಂದಿಗೆ ಒಯ್ದ ಚಿತ್ರಕಥೆಗಳಲ್ಲಿ ‘ಬ್ರೇವ್‌ಹಾರ್ಟ್’ ಒಂದು. 1996ರಲ್ಲಿ ಅದರ ನಿರ್ಮಾಪಕರಲ್ಲೊಬ್ಬರಾಗಿ ಆಸ್ಕರ್ ಪಡೆದರು. 2022ರ ಮಾರ್ಚ್‌ನಲ್ಲಿ ತೀರಿಕೊಂಡರು.

ಮುಧೋಳದ ಒಪ್ಪಂದ

ಮುಧೋಳ ಕಡೆಯ ಒಬ್ಬ ವಿದ್ಯಾರ್ಥಿಗೆ ಈ ಪ್ರಕರಣ ಪುಸ್ತಕದ ವಿಷಯವಾಗಿರಲಿಲ್ಲ. ಅವನ ಸೋದರಮಾವ ಊರಿನ ಗೆಳೆಯನೊಬ್ಬನ ಕನ್ನಡ ಚಿತ್ರಕ್ಕೆ ಹಣ ಹಾಕಿದ್ದರು. ಎರಡನೆಯ ಷೆಡ್ಯೂಲ್ ನಡುವೆಯೇ ದುಡ್ಡು ಮುಗಿದು ಕ್ಯಾಮೆರಾ ಬಾಡಿಗೆಯೂ ಬಾಕಿ ನಿಂತಿತ್ತು. ಮಾವ ಒಂದು ದಿನ ಪೂರ್ತಿ ನಂಬುತ್ತಿದ್ದರು, ಮರುದಿನ ಸೆಟ್ಟಿಗೇ ಹೋಗಿ ಹಾಡು ಬದಲಿಸು, ನಾಯಕಿಯ ಪಾತ್ರ ಕಡಿಮೆ ಮಾಡು ಎನ್ನುತ್ತಿದ್ದರು. ನಡುವೆ ನಿಲ್ಲುವವರೇ ಇರಲಿಲ್ಲ. ಆ ಜಾಗಕ್ಕೆ ಹುಡುಗ ತಾನೇ ಹೋದ.

ಅವನು ಮೊದಲು ಕೇಳಿದ್ದು ಈವರೆಗೆ ತೆಗೆದ ದೃಶ್ಯಗಳನ್ನು. ಜೋಡಿಸಿದ ಹತ್ತಿಪ್ಪತ್ತು ನಿಮಿಷಗಳನ್ನು ಮಾವನೊಂದಿಗೆ ಕುಳಿತು ನೋಡಿದ. ಚೆನ್ನಾಗಿದೆ ಎಂಬುದರಲ್ಲಿ ಇಬ್ಬರಿಗೂ ಅನುಮಾನ ಉಳಿಯಲಿಲ್ಲ. ಆಮೇಲೆ ಹೊಸ ಕರಾರು ಬರೆಸಿದ. ಉಳಿದ ಹಣ ಮೂರು ಕಂತಿನಲ್ಲಿ. ಒಂದೊಂದು ಕಂತಿಗೂ ಮುಗಿಯಬೇಕಾದ ದೃಶ್ಯಗಳ ಪಟ್ಟಿ ಮತ್ತು ದಿನಾಂಕ. ದಿನಾಂಕ ತಪ್ಪಿದರೆ ನಿಲ್ಲಿಸುವ ಹಕ್ಕು ಮಾವನಿಗೆ. ಕಥೆ, ಹಾಡು, ಪಾತ್ರಗಳ ವಿಷಯದಲ್ಲಿ ಕೊನೆಯ ಮಾತು ನಿರ್ದೇಶಕನದು, ಅಂತಿಮ ಸಂಕಲನವೂ ಅವನದೇ. ಒಟಿಟಿ ಮತ್ತು ದೂರದರ್ಶನ ಹಕ್ಕಿನ ಹಣದಲ್ಲಿ ಮೊದಲು ಅಸಲು ಮಾವನಿಗೆ, ಉಳಿದದ್ದು ಪಾಲು. ಮಾವ ಸಹಿ ಹಾಕಿದರು. ಸೆಟ್ಟಿಗೆ ಹೋಗುವುದನ್ನೂ ನಿಲ್ಲಿಸಿದರು. ಬೇರೆ ಭಾಷೆಯ ಡಬ್ಬಿಂಗ್ ಹಕ್ಕು ಯಾರದು ಎಂಬುದರ ಮೇಲೆ ಮಾತ್ರ ಇನ್ನೂ ಎಳೆದಾಟ ನಡೆದಿದೆ. ಬೆಳಗಾವಿಯಲ್ಲಿ ಮರಾಠಿ ಚಿತ್ರಗಳಿಗೆ ಇರುವ ಪ್ರೇಕ್ಷಕರನ್ನು ಇಬ್ಬರೂ ಬಲ್ಲರು, ಹಾಗಾಗಿ ಯಾರೂ ಬಿಟ್ಟುಕೊಡುತ್ತಿಲ್ಲ.